ನೂರ ಎಂಬತ್ತೈದು

ಮೆಂಗ್ ಶೌಲಿ ಆಡಿದ ಕೊನೆಯ ಫೈನಲ್ಲಿನ ತೀರ್ಪುಗಾರ್ತಿ ನಾನು. ಫಲಿತಾಂಶದ ಹಾಳೆಯ ಮೇಲೆ 'ಕರಿ ಕೈಚೆಲ್ಲಿದೆ, ಬಿಳಿಗೆ ಗೆಲುವು' ಎಂದು ಬರೆದು ಸಹಿ ಹಾಕಿದವಳೂ ನಾನೇ. ಬರೆದದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಆದರೂ ಆ ಹಾಳೆ ನೆನಪಾದ ದಿನ ಇವತ್ತಿಗೂ ನನಗೆ ಊಟ ಸೇರುವುದಿಲ್ಲ.

ತೈಯುವಾನ್ ಊರಿನಲ್ಲಿ ವೇಯ್‌ಚಿ, ಅಂದರೆ ಕರಿ ಬಿಳಿ ಕಾಯಿಗಳನ್ನಿಟ್ಟು ಮಣೆಯ ಮನೆಗಳನ್ನು ಸುತ್ತುವರಿಯುವ ಆಟ, ಕಲಿಯಬೇಕೆಂದವರು ಆಗ ಹೋಗುತ್ತಿದ್ದದ್ದು ಚಿಯಾವ್ ಗುರುಗಳ ಮನೆಗೆ. ನಾನು ಹನ್ನೆರಡನೇ ವಯಸ್ಸಿಗೆ ಅಲ್ಲಿ ಸೇರಿದೆ. ನನಗೆ ಹದಿನೈದಾದಾಗ ಶೌಲಿ ಬಂದ. ಅವನಿಗೆ ಒಂಬತ್ತು. ಅವನಪ್ಪ ಯಾಂಗ್‌ಚುವಾನಿನ ಕಲ್ಲಿದ್ದಲು ಗಣಿಯಲ್ಲಿ ಕೆಲಸಕ್ಕಿದ್ದವರು, ಬಸ್ಸಿನಲ್ಲಿ ಕರೆತಂದು ಬಿಟ್ಟು ಹೋದರು. ಬಂದ ಮೂರನೇ ತಿಂಗಳಿಗೆ ಆ ಪೋರ ನನ್ನನ್ನು ಸೋಲಿಸಿದ. ನಾನು ಮಣೆಯ ಕೆಳಗಿಂದ ಕೈ ಹಾಕಿ ಅವನ ತೊಡೆ ಚಿವುಟಿದೆ. ಅವನು ಅಳಲಿಲ್ಲ. "ಅಕ್ಕ, ನೀನು ಎಣಿಸೋದು ಚೆನ್ನಾಗಿ ಎಣಿಸ್ತೀಯ, ಆಡೋದು ಸುಮಾರು" ಎಂದ. ಅವತ್ತಿನಿಂದ ನಾನು ಅವನಿಗೆ ಅಕ್ಕ.

ಅವನು ಹೇಳಿದ್ದು ಸರಿಯಾಗಿಯೇ ಇತ್ತು. ವೃತ್ತಿಪರ ಆಟಗಾರರಾಗಲು ನಮ್ಮಲ್ಲಿ ವರ್ಷಕ್ಕೊಮ್ಮೆ ಪರೀಕ್ಷೆಯ ಪಂದ್ಯಾವಳಿ ನಡೆಯುತ್ತದೆ. ನೂರಾರು ಮಕ್ಕಳು ಒಳಗೆ, ಫ್ಲಾಸ್ಕು ಹಿಡಿದ ಅಮ್ಮಂದಿರು ಹೊರಗೆ. ಇಪ್ಪತ್ತು ಮಂದಿ ತೇರ್ಗಡೆಯಾದರೆ ಹೆಚ್ಚು. ನಾನು ಮೂರು ಸಲ ಕೂತು ಮೂರು ಸಲವೂ ಬಿದ್ದೆ, ವಯಸ್ಸು ಮೀರಿತು. ಆಡಲಾರದವಳು ಎಣಿಸಲು ಕೂತಳು ಎಂದು ನಗುವವರು ನಗಲಿ, ತೀರ್ಪುಗಾರ್ತಿಯಾದೆ. ನನ್ನ ಎಣಿಕೆ ಮಾತ್ರ ಯಾವತ್ತೂ ತಪ್ಪಿಲ್ಲ. ಆಟದ ನಡುವೆ ಗುರುಗಳು ಎಲ್ಲಿಂದಲೋ ಕೂಗಿ "ಯಾನ್‌ಪಿಂಗ್, ಎಷ್ಟಾಗತ್ತೆ?" ಎಂದು ಕೇಳಿದರೆ ನಿಂತಲ್ಲೇ ಹೇಳುತ್ತಿದ್ದೆ.

ಶೌಲಿ ಹುಡುಗನಾಗಿದ್ದಾಗ ಆಟದ ಕೊನೆಗೆ ಬಂದರೆ ಮೊದಲು ತಾನು ಎಣಿಸುತ್ತಿದ್ದ, ಆಮೇಲೆ ನನ್ನ ಮುಖ ನೋಡುತ್ತಿದ್ದ. ಅವನು ಸೋಲುವ ಹಾಗಿದ್ದರೆ ನನಗೆ ನೋಡಲಾಗುತ್ತಿರಲಿಲ್ಲ, ಮುಖ ಬೇರೆ ಕಡೆ ತಿರುಗಿಸುತ್ತಿದ್ದೆ. ಅದು ಬೇಕೆಂದು ಮಾಡಿದ್ದಲ್ಲ. ನಾನು ಮುಖ ತಿರುಗಿಸಿದರೆ ಸೋಲು ಎಂದು ಅವನು ಕಲಿತುಕೊಂಡಿದ್ದಾನೆ ಎನ್ನುವುದು ನನಗೆ ಗೊತ್ತಿತ್ತು, ಆದರೂ ಬಿಡಲಾಗಲಿಲ್ಲ.

ಗುರುಗಳು ಎಲ್ಲಕ್ಕಿಂತ ಕಟ್ಟುನಿಟ್ಟಾಗಿ ಕಲಿಸಿದ್ದು ಸೋಲುವುದನ್ನು. ಸೋತ ಆಟವನ್ನು ಎಳೆಯಬಾರದು. ಎದುರಾಳಿ ಎಲ್ಲಾದರೂ ಎಡವಲಿ ಎಂದು ಕಾಯುತ್ತಾ ಕೂರುವುದು ಭಿಕ್ಷೆ ಬೇಡಿದಂತೆ. ಸೋತೆ ಎಂದು ಗೊತ್ತಾದ ಕೂಡಲೇ ಎರಡು ಕಾಯಿ ತೆಗೆದು ಮಣೆಯ ಅಂಚಿಗೆ ಇಟ್ಟು ತಲೆಬಾಗಬೇಕು. ಹತ್ತು ವರ್ಷದ ಶೌಲಿ ಒಮ್ಮೆ ಸೋತ ಆಟವನ್ನು ನಲವತ್ತು ಕಾಯಿ ಎಳೆದ. ಗುರುಗಳು ಅವನನ್ನು ಓಣಿಯಲ್ಲಿ ನಿಲ್ಲಿಸಿದರು. ಜನವರಿಯ ಚಳಿ. ಗುರುಪತ್ನಿ ಹೋಗಿ ಬಯ್ದು ಒಳಗೆ ಕರೆತರುವವರೆಗೆ ಅವನು ಅಲ್ಲಾಡಲಿಲ್ಲ. ಆಮೇಲೆ ಜೀವಮಾನದಲ್ಲಿ ಅವನು ಒಂದು ಆಟವನ್ನೂ ಎಳೆಯಲಿಲ್ಲ. ಸೋಲೊಪ್ಪುವುದರಲ್ಲಿ ಮೆಂಗ್ ಶೌಲಿಯಷ್ಟು ಮರ್ಯಾದಸ್ಥ ದೇಶದಲ್ಲೇ ಇಲ್ಲ ಎಂದು ಪತ್ರಿಕೆಯವರು ಬರೆದರು. ಹೊಗಳಿಕೆಯೋ ಕುಟುಕೋ ಅವರಿಗೇ ಗೊತ್ತು.

ಹದಿಮೂರಕ್ಕೆ ಅವನು ವೃತ್ತಿಪರನಾದ. ಇಪ್ಪತ್ತೆರಡಕ್ಕೆ ಮೊದಲ ಫೈನಲ್, ಸೋತ. ಇಪ್ಪತ್ತಾರಕ್ಕೆ ಇನ್ನೊಂದು, ಸೋತ. ಇಪ್ಪತ್ತೊಂಬತ್ತಕ್ಕೆ ಮೂರನೆಯದು, ಅದನ್ನೂ ಸೋತ. 'ಎರಡನೇ ಮೆಂಗ್' ಎಂದು ಹೆಸರು ಬಿತ್ತು. ಮೂರೂ ಸಲ ನಾನು ಸಭಾಂಗಣದಲ್ಲಿದ್ದೆ, ಮೂರೂ ಸಲ ಕೊನೆಗೆ ಮುಖ ತಿರುಗಿಸಿದೆ. ಅಷ್ಟರಲ್ಲಿ ಕಂಪ್ಯೂಟರ್ ಬಂತು. ಮಣೆಯ ಮೂಲೆಯಲ್ಲಿ ಹೇಗೆ ಆಡಬೇಕೆಂದು ಗುರುಗಳು ಇಪ್ಪತ್ತು ವರ್ಷ ತಲೆಗೆ ತುಂಬಿದ್ದೆಲ್ಲ ಒಂದೇ ಚಳಿಗಾಲದಲ್ಲಿ ತಪ್ಪೆಂದಾಯಿತು. ಹದಿನಾರರ ಹುಡುಗರಿಗೆ ಮರೆಯಬೇಕಾದದ್ದು ಏನೂ ಇರಲಿಲ್ಲ. ಇವನು ಮೂವತ್ತು ದಾಟಿ, ಕಲಿತದ್ದನ್ನೆಲ್ಲ ಒರೆಸಿ ಮತ್ತೆ ಒಂದನೇ ತರಗತಿಯಿಂದ ಶುರು ಮಾಡಿದ. ಪ್ರಾಂತ್ಯದ ತಂಡದಲ್ಲಿ ಮೊದಲ ಮಣೆಯಿಂದ ನಾಲ್ಕಕ್ಕಿಳಿಸಿದರು, ಆಮೇಲೆ ಬದಲಿ ಆಟಗಾರನ ಬೆಂಚಿಗೆ. ಮೂವತ್ತನಾಲ್ಕಕ್ಕೆ ಅರ್ಧ ತಲೆ ಬೆಳ್ಳಗಾಗಿತ್ತು. "ಈ ವರ್ಷ ಮುಗಿಸಿ ಮಕ್ಕಳಿಗೆ ಪಾಠ ಹೇಳ್ತೀನಿ ಅಕ್ಕ, ಸಾಕು" ಎಂದ.

ಆ ವರ್ಷವೇ ಅವನು ಫೆನ್ ನದಿ ಕಪ್ ಪಂದ್ಯಾವಳಿಯಲ್ಲಿ ನಾಲ್ಕು ಹುಡುಗರನ್ನು ಒಬ್ಬರ ಹಿಂದೊಬ್ಬರಂತೆ ಕೆಡವಿ ಫೈನಲ್ ತಲುಪಿದ. ಅದೂ ನಮ್ಮೂರಲ್ಲಿ. ನೂಡಲ್ಸ್ ಅಂಗಡಿಯವನು ಅವನ ಬಟ್ಟಲಿಗೆ ಕೇಳದೆಯೇ ಎರಡು ಮೊಟ್ಟೆ ಹಾಕಿದ.

"ಗೆಲ್ತೀಯೇನೋ?" ಎಂದು ಕೇಳಿದೆ.

ಅವನು ಬಟ್ಟಲಿಗೆ ವಿನೆಗರ್ ಸುರಿಯುತ್ತಲೇ ಇದ್ದ. "ಗೆಲ್ಲಬೇಕು ಅಕ್ಕ. ಇಪ್ಪತ್ತೊಂದು ವರ್ಷ ಆಡಿದೀನಿ. ಒಂದೇ ಒಂದು ಪ್ರಶಸ್ತಿ. ಇದು ಬಿಟ್ರೆ ಇನ್ನಿಲ್ಲ, ನಂಗೂ ಗೊತ್ತು."

"ಅಷ್ಟು ಹುಳಿ ಕುಡಿದು ಎದುರಿಗೆ ಕೂತ್ರೆ ವಾಸನೆಗೇ ಆ ಹುಡುಗ ಎದ್ದು ಹೋಗ್ತಾನೆ ಬಿಡು."

ಅವನು ನಕ್ಕ. ಅವನನ್ನು ಅಷ್ಟು ಹಗುರಾಗಿ ನೋಡಿ ಬಹಳ ವರ್ಷವಾಗಿತ್ತು.

ಫೈನಲ್ಲಿಗೆ ನನ್ನನ್ನು ಹಾಕಬೇಡಿ, ಒಂದೇ ಗುರುಗಳ ಶಿಷ್ಯರು ನಾವು ಎಂದು ಮುಖ್ಯ ತೀರ್ಪುಗಾರರಿಗೆ ಹೇಳಿದೆ. "ನಮ್ಮಲ್ಲಿ ಯಾರಿಗೆ ಯಾರು ಅಕ್ಕ ಅಲ್ಲ, ಯಾರಿಗೆ ಯಾರು ತಮ್ಮ ಅಲ್ಲ ಹೇಳಿ. ಹಾಗೆ ನೋಡ್ತಾ ಹೋದ್ರೆ ಬಾಗಿಲು ಕಾಯೋಕೂ ಜನ ಸಿಗಲ್ಲ" ಎಂದು ಅವರು ನನ್ನ ಹೆಸರನ್ನೇ ಬರೆದುಕೊಂಡರು. ನಾನು ಹಟ ಹಿಡಿಯಬೇಕಿತ್ತು, ಹಿಡಿಯಲಿಲ್ಲ. ಅವನು ಗೆಲ್ಲುವುದನ್ನು ಪಕ್ಕದಲ್ಲೇ ನಿಂತು ನೋಡುವ ಆಸೆ ನನಗೂ ಇತ್ತು.

ಮೂರು ಆಟಗಳ ಫೈನಲ್. ಒಂದನ್ನು ಇವನು ಗೆದ್ದ, ಒಂದನ್ನು ಆ ಹುಡುಗ. ಹುಡುಗನ ಹೆಸರು ನಿಂಗ್ ಝೆಯಾವ್, ಹತ್ತೊಂಬತ್ತು ವರ್ಷ, ಒಳ್ಳೆಯವನೇ. ಮೂರನೇ ಆಟದಲ್ಲಿ ಕರಿ ಶೌಲಿಯ ಪಾಲಿಗೆ ಬಂತು. ನದಿಯ ದಂಡೆಯ ಹೋಟೆಲಿನ ಎರಡನೇ ಮಹಡಿ. ಕೋಣೆಯೊಳಗೆ ನಾವು ನಾಲ್ವರು: ಆಡುವವರಿಬ್ಬರು, ಸೆಕೆಂಡು ಎಣಿಸಿ ಹೇಳುವ ಹುಡುಗಿ, ಮಣೆಯಿಂದ ಎರಡು ಹೆಜ್ಜೆ ದೂರದಲ್ಲಿ ನಾನು. ಫೋನು ಹೊರಗಿನ ಬುಟ್ಟಿಯಲ್ಲಿ. ಹೊರಗೆ ದೇಶಕ್ಕೆ ದೇಶವೇ ಪರದೆಯ ಮೇಲೆ ಕಂಪ್ಯೂಟರ್ ಹೇಳುವ ಗೆಲುವಿನ ಅಂದಾಜು ನೋಡುತ್ತಿತ್ತು. ನಮಗೆ ಮಣೆ ಒಂದೇ ಗತಿ.

ಮಧ್ಯಾಹ್ನ ಮೂರೂವರೆಗೆ ಆಟ ಕೊನೆಗೆ ಬಂತು. ಇನ್ನೂರ ಐವತ್ತೆಂಟು ಕಾಯಿ ಬಿದ್ದಿದ್ದವು. ಇಬ್ಬರ ಸಮಯವೂ ಮುಗಿದು ಒಂದೊಂದು ಕಾಯಿಗೆ ಒಂದು ನಿಮಿಷ. ಶೌಲಿಯ ಸರದಿ.

ನಾವು ಎಣಿಸುವುದು ಹೀಗೆ: ಕರಿ ಸುತ್ತುವರಿದ ಖಾಲಿ ಮನೆಗಳು, ಜೊತೆಗೆ ಮಣೆಯ ಮೇಲಿನ ಕರಿ ಕಾಯಿಗಳು. ಮೊದಲು ಆಡುವ ಅನುಕೂಲ ಇರುವುದರಿಂದ ಕರಿ ನೂರ ಎಂಬತ್ತನಾಲ್ಕೂಕಾಲನ್ನು ದಾಟಬೇಕು. ಎರಡನ್ನೂ ಕೂಡಿಸಿ ನೂರ ಎಂಬತ್ತೈದಾದರೆ ಕರಿ ಗೆದ್ದಂತೆ. ನೂರ ಎಂಬತ್ತನಾಲ್ಕಾದರೆ ಸೋತಂತೆ. ಇನ್ನು ಉಳಿದಿದ್ದವು ಯಾರಿಗೂ ಸೇರದ ಖಾಲಿ ಮನೆಗಳು, ಇಬ್ಬರೂ ಒಂದೊಂದಾಗಿ ತುಂಬುತ್ತಾ ಹೋಗಬೇಕು. ಅಂಥವು ನಾಲ್ಕಿದ್ದರೆ ಇವನಿಗೆ ಎರಡು, ಅವನಿಗೆ ಎರಡು, ಕರಿ ನೂರ ಎಂಬತ್ತನಾಲ್ಕಕ್ಕೆ ನಿಲ್ಲುತ್ತದೆ. ಐದಿದ್ದರೆ ಇವನಿಗೆ ಮೂರು. ನಾನು ಎಣಿಸಿದೆ. ಐದಿದ್ದವು. ಎಡ ಅಂಚಿನಲ್ಲಿ ಒಂದು ಮನೆ ನೋಡಲು ಬಿಳಿಯದೆಂಬಂತೆ ಕೂತಿತ್ತು, ಆದರೆ ಅದು ಯಾರದ್ದೂ ಅಲ್ಲ. ಮತ್ತೆ ಎಣಿಸಿದೆ. ನೂರ ಎಂಬತ್ತೈದು.

ಶೌಲಿ ಗೆದ್ದಿದ್ದ. ಐದು ಕಾಯಿ ತುಂಬುವುದಷ್ಟೇ ಬಾಕಿ. ಕೂಸಿಗೂ ಬರುವ ಕೆಲಸ. ನನ್ನ ಕೆನ್ನೆ ಬಿಸಿಯಾಯಿತು, ತುಟಿ ತಾನಾಗಿ ಬಿರಿಯತೊಡಗಿತು.

"ಮೂವತ್ತು ಸೆಕೆಂಡು" ಎಂದಳು ಹುಡುಗಿ.

ಆಗ ಅವನು ತಲೆಯೆತ್ತುವುದು ಕಂಡಿತು. ಈ ಮುಖ ಅವನ ಕಣ್ಣಿಗೆ ಬಿದ್ದರೆ ಮುಗಿಯಿತು, ನಾನು ಹೇಳಿಕೊಟ್ಟಂತೆ. ತೀರ್ಪುಗಾರರು ಮಾತಾಡಬಾರದು, ಸನ್ನೆ ಮಾಡಬಾರದು, ಉಸಿರು ಕೂಡ ಜೋರಾಗಿ ಬಿಡಬಾರದು. ಹದಿನೆಂಟು ವರ್ಷ ಆ ಕೆಲಸವನ್ನು ಚೊಕ್ಕವಾಗಿ ಮಾಡಿದವಳು ನಾನು. ಅವನ ಮೊದಲ ಪ್ರಶಸ್ತಿಗೆ ನನ್ನಿಂದ ಮಸಿ ಹತ್ತಬಾರದು ಎಂದುಕೊಂಡೆ. ಸಂತೋಷವನ್ನು ಬಚ್ಚಿಡಲು ಕಿಟಕಿಯ ಕಡೆ ಮುಖ ತಿರುಗಿಸಿದೆ.

ನದಿಯಲ್ಲಿ ನೀರು ಕಡಿಮೆಯಿತ್ತು. "ಹತ್ತು" ಎಂದಳು ಹುಡುಗಿ, "ಒಂಬತ್ತು" ಎಂದಳು. ಆಮೇಲೆ ಎಣಿಕೆ ನಿಂತಿತು. ಮರದ ಮೇಲೆ ಕಾಯಿಗಳನ್ನಿಟ್ಟ ಸದ್ದು. ಒಂದಲ್ಲ, ಎರಡು.

ತಿರುಗಿ ನೋಡಿದೆ. ಬಲ ಅಂಚಿನಲ್ಲಿ ಎರಡು ಕರಿ ಕಾಯಿ ಒಂದರ ಪಕ್ಕ ಒಂದಿದ್ದವು. ಶೌಲಿ ತಲೆಬಾಗಿ ಕೂತಿದ್ದ. ಎದುರಿನ ಹುಡುಗ ಬಾಗಲಿಲ್ಲ. ಅವನು ಕಾಯಿಗಳನ್ನು ನೋಡಿದ, ನನ್ನನ್ನು ನೋಡಿದ, ಮತ್ತೆ ಕಾಯಿಗಳನ್ನು ನೋಡಿದ. ಅವನೂ ಎಣಿಸಿದ್ದ. ನಾನು ಏನು ಮಾಡಬಲ್ಲೆ? ಎರಡು ಕಾಯಿ ಇಟ್ಟ ಮೇಲೆ ದೇವರು ಬಂದರೂ ತೆಗೆಯುವಂತಿಲ್ಲ. ಹಾಳೆ ತೆಗೆದೆ, ಬರೆದೆ. ಆ ಹುಡುಗ ಕಡೆಗೂ ತಲೆಬಾಗಿದಾಗ ಅವನ ಕಿವಿ ಕೆಂಪಾಗಿತ್ತು.

ಆಟ ಮುಗಿದ ಮೇಲೆ ಇಬ್ಬರೂ ಕೂತು ಅದನ್ನೇ ಮಾತಾಡುವುದು ನಮ್ಮ ರೂಢಿ. ಶೌಲಿ ಎಂದಿನಂತೆ ಮೆತ್ತಗೆ ಕೇಳಿದ: "ಕಾಲು ಕಾಯಿಯಿಂದ ಹೋಯ್ತು, ಅಲ್ವಾ?"

ನಿಂಗ್ ಎಡ ಅಂಚಿನ ಕಡೆ ನೋಡಿದ.

"ಹೇಳಪ್ಪ, ಪರವಾಗಿಲ್ಲ."

"ಮೆಂಗ್ ಗುರುಗಳೇ" ಎಂದ ಹುಡುಗ. ಅಷ್ಟೇ ಬಂತು ಅವನಿಗೆ. ಕೈ ಚಾಚಿ ಶೌಲಿಯ ಬಟ್ಟಲಿಂದ ಒಂದು ಕರಿ ಕಾಯಿ ತೆಗೆದು ಎಡ ಅಂಚಿನ ಆ ಮನೆಯಲ್ಲಿಟ್ಟ.

ಶೌಲಿ ಅದನ್ನು ನೋಡಿದ. ಅವನ ತುಟಿಗಳು ಅಲ್ಲಾಡುತ್ತಿದ್ದವು, ಎಣಿಸುತ್ತಿದ್ದ. ಆಮೇಲೆ ಟವೆಲ್ ತೆಗೆದು ಕೈಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡ. "ಹೌದಲ್ಲ" ಎಂದ. "ಚೆನ್ನಾಗಿ ಆಡಿದೆ. ಅಭಿನಂದನೆ." ಹೊರಗೆ ಮೈಕು ಹಿಡಿದವರು ಮುತ್ತಿಕೊಂಡಾಗ ಅವನು ಹೇಳಿದ್ದು ಒಂದೇ ವಾಕ್ಯ, "ನಾನು ತಪ್ಪು ಎಣಿಸಿದೆ." ಫೋಟೋದಲ್ಲಿ ಪ್ರಶಸ್ತಿಯ ಕಪ್ಪು ಹಿಡಿದು ನಿಂತ ನಿಂಗ್‌ನ ಮುಖದಲ್ಲಿ ನಗುವಿಲ್ಲ. ಅದಕ್ಕಾಗಿ ಆ ಹುಡುಗನ ಮೇಲೆ ನನಗೆ ಪ್ರೀತಿಯಿದೆ.

ಮುಂದಿನ ಭಾನುವಾರ ಬೆಳಿಗ್ಗೆ ಗುರುಗಳು ಶೌಲಿಯನ್ನೂ ನನ್ನನ್ನೂ ಮನೆಗೆ ಕರೆಸಿದರು. ಅವರಿಗಾಗ ಎಂಬತ್ತಮೂರು. ಗುರುಪತ್ನಿ ತೀರಿಕೊಂಡು ಆರು ವರ್ಷ. ಶೌಲಿ ಕೂರುವ ಮೊದಲೇ ಶುರು ಮಾಡಿದರು.

"ತಪ್ಪು ನಂದು. ಸೋತ ಕೂಡ್ಲೇ ಎದ್ದೇಳಿ ಎದ್ದೇಳಿ ಅಂತ ನಿಮ್ಮ ತಲೆ ತಿಂದವನು ನಾನು. ಯಾವ ಮರ್ಯಾದೆ? ಯಾರಿಗ್ ಬೇಕಾಗಿತ್ತು ಆ ಹಾಳು ಮರ್ಯಾದೆ? ಐದು ಕಾಯಿ ಹಾಕೋಕೆ ಏನು ಧಾಡಿಯಾಗಿತ್ತು ನಿಂಗೆ?"

"ಗುರುಗಳೇ, ನಾನೇನು ಹತ್ತು ವರ್ಷದ ಹುಡುಗನಾ ನಿಮಗೆ ಹೆದರೋಕೆ?" ಎಂದ ಶೌಲಿ.

"ಹೆದರ್ತೀಯ. ಈಗ್ಲೂ ಹೆದರ್ತೀಯ. ಚಳೀಲಿ ನಿಲ್ಲಿಸಿದ್ದು ಮರ್ತಿದೀಯಾ?"

"ಇಲ್ಲ."

"ನೋಡು ಮತ್ತೆ" ಎಂದು ಗುರುಗಳು ಗೆದ್ದವರಂತೆ ಹೇಳಿ, ಕೂಡಲೇ ಕಣ್ಣು ತುಂಬಿಕೊಂಡರು.

ವಾರವಿಡೀ ನುಂಗಿಕೊಂಡದ್ದನ್ನು ನಾನು ಕೇಳಿಯೇಬಿಟ್ಟೆ. "ನಿಮ್ದಲ್ಲ ಗುರುಗಳೇ, ಸುಮ್ನಿರಿ. ಶೌಲಿ, ನಿಜ ಹೇಳು. ತಲೆ ಎತ್ತಿ ನನ್ನ ಮುಖ ನೋಡ್ದೆ ತಾನೆ?"

ಅವನು ಚಹಾದ ಲೋಟವನ್ನು ಅತ್ತಿತ್ತ ತಿರುಗಿಸಿದ. "ಬಿಡಕ್ಕ."

"ಬಿಡಲ್ಲ. ಹೇಳು."

"ನೋಡ್ದೆ. ನಾಲ್ಕಾ, ಐದಾ ಅಂತ ಅನುಮಾನ ಇತ್ತು ನಂಗೆ. ಎಡ ಅಂಚು ಇನ್ನೊಂದ್ಸಲ ನೋಡಬೇಕು ಅಂತಿದ್ದೆ. ಟೈಮೂ ಇತ್ತು. ನೀನು ಮುಖ ತಿರುಗಿಸ್ದೆ. ಅಕ್ಕ ಎಣಿಸಿಬಿಟ್ಟಿದ್ದಾಳೆ, ಇನ್ನೇನು ನೋಡೋದು ಅನ್ನಿಸ್ತು. ನಿನ್ನ ಎಣಿಕೆ ಯಾವತ್ತು ತಪ್ಪಿದೆ?"

"ನಗು ಬಂದಿತ್ತು ಕಣೋ ನಂಗೆ. ನೀನು ಗೆದ್ದೆ ಅಂತ. ಅದು ನಿಂಗೆ ಕಾಣಬಾರದು ಅಂತ ತಿರುಗಿಸ್ದೆ."

"ಗೊತ್ತಾಯ್ತು. ಆ ಹುಡುಗ ಕಾಯಿ ಇಟ್ಟಾಗ್ಲೇ ಗೊತ್ತಾಯ್ತು."

"ಮತ್ತೆ ಯಾಕೆ ಹೇಳ್ಲಿಲ್ಲ? ಬೈಬಹುದಿತ್ತು."

"ಯಾತಕ್ಕೆ ಬೈಲಿ? ನೀನು ಮಾಡಿದ್ದು ಸರಿ. ನೀನು ನಕ್ಕು ನಾನು ಗೆದ್ದಿದ್ರೆ ಆ ಕಪ್ಪನ್ನ ಮನೇಲಿ ಎಲ್ಲಿಡ್ತಿದ್ದೆ ಹೇಳು."

ಎಲ್ಲಾದರೂ ಇಡಬಹುದಿತ್ತು. ಅಡುಗೆಮನೆಯಲ್ಲಿಡು, ಬಚ್ಚಲಲ್ಲಿಡು. ಕಳ್ಳಿ ಎನ್ನಿಸಿಕೊಂಡು ಕೆಲಸ ಕಳೆದುಕೊಂಡಿದ್ದರೂ ನಾನು ಇಷ್ಟು ನೋಯುತ್ತಿರಲಿಲ್ಲ. ಅದನ್ನು ಹೇಳಲು ಹೋದೆ, ಅಳು ಬಂತು. ಪರೀಕ್ಷೆಯಲ್ಲಿ ಮೂರು ಸಲ ಫೇಲಾದಾಗಲೂ ಅಳದವಳು ಗುರುಗಳ ಮನೆಯಲ್ಲಿ ಐವತ್ತು ಮನೆಗೆ ಕೇಳುವಂತೆ ಅತ್ತೆ. ಗುರುಗಳು ತಮ್ಮ ಕರವಸ್ತ್ರ ಕೊಟ್ಟರು. ಅದು ಆಗಲೇ ಒದ್ದೆಯಾಗಿತ್ತು.

ಶೌಲಿ ಎದ್ದು ಹೋಗಿ ಒಳಗಿಂದ ಮಣೆಯನ್ನೂ ಕಾಯಿಗಳ ಬಟ್ಟಲುಗಳನ್ನೂ ತಂದ. ಮೇಜಿನ ಮೇಲಿದ್ದ ಲೋಟಗಳನ್ನು ಸರಿಸಿ ಮಣೆಯನ್ನಿಟ್ಟು, ಮೊದಲನೇ ಕಾಯಿಯಿಂದ ಆ ಆಟವನ್ನು ಜೋಡಿಸತೊಡಗಿದ. ಕರಿ, ಬಿಳಿ, ಎರಡನ್ನೂ ಅವನೇ ಇಟ್ಟ. ಒಂದು ಕಡೆಯೂ ತಡವರಿಸಲಿಲ್ಲ. ಅರ್ಧ ಗಂಟೆ ಹಿಡಿಯಿತು. ಇನ್ನೂರ ಐವತ್ತೆಂಟನೆಯದನ್ನು ಇಟ್ಟು ಬಿಳಿ ಕಾಯಿಯ ಬಟ್ಟಲನ್ನು ಗುರುಗಳ ಕಡೆ ತಳ್ಳಿದ.

"ನೀವು ಬಿಳಿ ಆಡಿ ಗುರುಗಳೇ. ಮುಗಿಸೋಣ."

ಗುರುಗಳು ಕನ್ನಡಕ ಹಾಕಿಕೊಂಡರು. ಶೌಲಿ ಎಡ ಅಂಚಿನಲ್ಲಿ ಒಂದು ಕಾಯಿ ಇಟ್ಟ. ಗುರುಗಳು ಒಂದಿಟ್ಟರು. ಶೌಲಿ ಇನ್ನೊಂದು. ಗುರುಗಳು ಇನ್ನೊಂದು. ಕೊನೆಯ ಮನೆಯಲ್ಲಿ ಶೌಲಿ ತನ್ನ ಮೂರನೆಯದನ್ನಿಟ್ಟು, ಬೆನ್ನು ನೆಟ್ಟಗೆ ಮಾಡಿ ಕೂತು, ನನ್ನ ಕಡೆ ನೋಡಿದ.

"ಎಣಿಸಕ್ಕ. ಫೈನಲ್ಲಲ್ಲಿ ಎಣಿಸೋ ಹಾಗೆ."

ನಾನು ಮೂಗು ಒರೆಸಿಕೊಂಡು ಎದ್ದು ನಿಂತೆ. ಸೆರೆಸಿಕ್ಕ ಕಾಯಿಗಳನ್ನು ತೆಗೆದೆ. ಕರಿಯ ಖಾಲಿ ಮನೆಗಳನ್ನು ಹತ್ತರ ಲೆಕ್ಕಕ್ಕೆ ಸರಿಮಾಡಿ ಎಣಿಸಿದೆ. ಉಳಿದ ಕರಿ ಕಾಯಿಗಳನ್ನು ಹತ್ತು ಹತ್ತರ ಗುಂಪಾಗಿ ಮಣೆಯ ಮೇಲೆ ಜೋಡಿಸಿದೆ. ಕೊನೆಗೆ ಐದು ಉಳಿದವು. ಗೊತ್ತಿದ್ದ ಲೆಕ್ಕವೇ ಆದರೂ ಇನ್ನೊಮ್ಮೆ ನೋಡಿದೆ.

"ಕರಿ ನೂರ ಎಂಬತ್ತೈದು" ಎಂದೆ. "ಮುಕ್ಕಾಲು ಕಾಯಿಯಿಂದ ಕರಿಗೆ ಗೆಲುವು."

ಗುರುಗಳು ಎದುರಾಳಿ ಬಾಗುವ ಹಾಗೆ ಶಿಷ್ಯನಿಗೆ ತಲೆಬಾಗಿದರು. ಶೌಲಿ ಅವರಿಗೆ ಬಾಗಿ, ತಲೆಯೆತ್ತಲೇ ಇಲ್ಲ. ಅವನ ಭುಜಗಳು ಅಲುಗುತ್ತಿದ್ದವು.

"ಅಕ್ಕ" ಎಂದ ಹಾಗೇ ಬಾಗಿಕೊಂಡು. "ಇನ್ನೊಂದ್ಸಲ ಹೇಳು."

ನಾನು ಇನ್ನೊಂದು ಸಲ ಹೇಳಿದೆ.